ಠಾಣೆಯ ಕನ್ನಡವೂ ಜನರ ಮಾತೂ

ಕನ್ನಡ ನಾಡು 1956ರಲ್ಲಿ ಒಂದಾಯಿತು. 1963ರ ಶಾಸನದಿಂದ ಕನ್ನಡವು ಆಡಳಿತ ಭಾಷೆಯಾಯಿತು. ಇಂದು ಮೈಸೂರಿನ ಸರಸ್ವತಿಪುರಂ ಠಾಣೆಯಾಗಲಿ, ರಾಜ್ಯದ ಬೇರಾವ ಠಾಣೆಯಾಗಲಿ, ಜನರ ಹೇಳಿಕೆಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಸಾಮಾನ್ಯವಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಕನ್ನಡವು ಹೇಳಿದವರದೋ, ಬರೆದುಕೊಂಡವರದೋ ಎಂಬುದನ್ನು ವಾಚಕರು ವಿಚಾರಿಸಬೇಕಾಗಿದೆ.

ಹೂ ಮಾರುವ ಮುದುಕಿಯೊಬ್ಬಳು, "ಅವ್ನು ಅಡ್ಡ ಬಂದ, ನಾ ಬಿದ್ದೋದೆ, ಏನೇನೋ ಅಂದ" ಎಂದು ಹೇಳಿದಳೆಂದು ಭಾವಿಸೋಣ. ಠಾಣೆಯ ಲೇಖನಿಯಲ್ಲಿ ಅದು, "ಸದರಿ ಆಸಾಮಿಯು ನನ್ನನ್ನು ಅಡ್ಡಗಟ್ಟಿ, ಕೆಳಕ್ಕೆ ಕೆಡವಿ, ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾನೆ" ಎಂದಾಗುವುದು ಬಹು ಸುಲಭ. ಬರೆದವನಲ್ಲಿ ದುರುದ್ದೇಶವಿರಬೇಕೆಂದಿಲ್ಲ, ಕಾಯಿದೆಯ ಕಲಮುಗಳಿಗೆ ಹೊಂದುವ ಅಚ್ಚಿನ ವಾಕ್ಯಗಳು ಅವನ ಕೈಗೆ ರೂಢಿಯಾಗಿರುತ್ತವೆ. ಆದರೂ ಬಿದ್ದದ್ದು ಕೆಡವಿದ್ದಾಯಿತು, ಆಕಸ್ಮಿಕವು ಅಪರಾಧವಾಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೆಯ ಕಲಮಿನಂತೆ ಪೋಲೀಸರು ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳಬಹುದು. 181ನೆಯ ಕಲಮಿನಂತೆ ಅದಕ್ಕೆ ಸಾಕ್ಷಿಯ ಸಹಿ ಹಾಕಿಸತಕ್ಕದ್ದಲ್ಲ. ಆದರೆ ವಿಚಾರಣೆಯ ದಿನ ಅದೇ ಬರಹವನ್ನು ಮುಂದಿಟ್ಟು ಅವಳ ಮಾತಿನಲ್ಲಿ ವಿರೋಧವನ್ನು ತೋರಿಸಲು ಅವಕಾಶವುಂಟು. ಆ ಮುದುಕಿಯು ಕಟಕಟೆಯಲ್ಲಿ "ಇಲ್ಲ ಸ್ವಾಮಿ, ನಾನೇ ಬಿದ್ದದ್ದು" ಎಂದರೆ, ಮೊದಲಿನಿಂದಲೂ ಸತ್ಯವನ್ನೇ ನುಡಿದವಳು ಪ್ರತಿಕೂಲ ಸಾಕ್ಷಿಯೆನಿಸಿಕೊಳ್ಳುವ ಪ್ರಸಂಗ ಒದಗುವುದು.

ಇಂಗ್ಲಿಷ್ ಅರಿಯದ ಬಂಧಿಗೆ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು, ಅವನು ಬಲ್ಲ ಭಾಷೆಯಲ್ಲಿಯೇ ಬರೆದುಕೊಡಬೇಕೆಂದು ಸುಪ್ರೀಮ್ ಕೋರ್ಟು 1962ರಲ್ಲಿ ಹರಿಕಿಶನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಸರಕಾರದ ಮಾತು ಪ್ರಜೆಗೆ ತಿಳಿಯಬೇಕೆಂಬುದು ನ್ಯಾಯವಾದರೆ, ಪ್ರಜೆಯ ಮಾತು ಸರಕಾರದ ಕಡತದಲ್ಲಿ ಕೆಡದೆ ಉಳಿಯಬೇಕೆಂಬುದೂ ನ್ಯಾಯವಲ್ಲವೇ?

ಪರಿಹಾರವು ದುಸ್ಸಾಧ್ಯವಲ್ಲ. ಕೇಳಿದ ಪ್ರಶ್ನೆಯನ್ನೂ ಕೊಟ್ಟ ಉತ್ತರವನ್ನೂ ಆಡಿದ ಮಾತಿನಲ್ಲಿಯೇ ಬರೆದು, ಕೊನೆಯಲ್ಲಿ ಓದಿ ಹೇಳಲಿ. ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯ ಸಹಿತ ಮುದ್ರಿಸಲು 180ನೆಯ ಕಲಮೇ ಅವಕಾಶವಿತ್ತಿದೆ. ಅದನ್ನು ರೂಢಿಗೆ ತರಲಿ. ಬಾಯಿಮಾತಿನಲ್ಲಿ ದೂರು ಕೊಟ್ಟವನಿಗಂತೂ, ಬರೆದುದನ್ನು ಓದಿಸಿ ಕೇಳುವ, ಅದರ ಪ್ರತಿಯನ್ನು ಶುಲ್ಕವಿಲ್ಲದೆ ಪಡೆಯುವ ಹಕ್ಕು 173ನೆಯ ಕಲಮಿನಲ್ಲಿಯೇ ಇದೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಓದುಬಾರದ ನೆರೆಯವರು ದೂರು ಕೊಡಲು ಹೊರಟಾಗ ನೀವೂ ಜೊತೆಗೆ ಹೋಗಿರಿ. ಸಹಿಗೆ ಮುನ್ನ ಆ ಬರಹವನ್ನು ಓದಿ ಹೇಳಿರಿ. ಅವರು ಆಡದ ಮಾತು ಅದರಲ್ಲಿದ್ದರೆ ತಿದ್ದಿಸಿರಿ. ಕನ್ನಡದ ಸೇವೆಯಲ್ಲಿ ಇದೂ ಒಂದು.