ನರ್ತಕಿಯ ಲಂಗ

ಶಹಾಪುರದ ನಮ್ಮ ಮನೆಯಲ್ಲಿ ಹೋದ ತಿಂಗಳು ಒಂದು ಸಣ್ಣ ವಾದವೆದ್ದಿತು. ಶಾಲೆಯ ಗ್ಯಾದರಿಂಗಿನಲ್ಲಿ ಕುಣಿಯಲಿದ್ದ ಮೊಮ್ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಆಯಿ, ನನಗ ಇಂಥಾದ್ದೇ ಲಂಗ ಬೇಕು" ಎಂದು ಹಟ ಹಿಡಿದಳು. ನಡುವಿನ ಸುತ್ತಲೂ ತಟ್ಟೆಯಂತೆ ಅಡ್ಡಲಾಗಿ ನಿಂತ ಬಿಳಿಯ ಲಂಗವದು. "ಇದೇನ ಲಂಗರಿ ಅತ್ತಿ? ಮೊಣಕಾಲ ಸುದ್ದಾ ಮುಚ್ಚಂಗಿಲ್ಲ" ಎಂದು ಸೊಸೆಯು ಮುಖ ತಿರುವಿದಳು. ನ್ಯಾಯ ಹೇಳುವ ಭಾರ ನನ್ನ ಮೇಲೆ ಬಿದ್ದಿತು. ವಿಷಯ ತಿಳಿಯದೆ ತೀರ್ಪು ಕೊಡಬಾರದೆಂದು ಆ ಉಡಿಗೆಯ ವೃತ್ತಾಂತವನ್ನು ಹುಡುಕಿ ಓದಿದೆನು. ಇಂಥ ವಾದವು ವಾಚಕರ ಮನೆಗಳಲ್ಲಿಯೂ ಏಳಬಹುದಾದ್ದರಿಂದ ತಿಳಿದುದನ್ನು ಇಲ್ಲಿ ಬರೆಯುತ್ತೇನೆ.

ಈ ಲಂಗಕ್ಕೆ 'ಟೂಟೂ' ಎಂದು ಹೆಸರು. ಯುರೋಪಿನ ಬ್ಯಾಲೆ ನೃತ್ಯದಲ್ಲಿ ನರ್ತಕಿಯರು ಇದನ್ನು ತೊಡುವರು. ಇದರಲ್ಲಿ ಮುಖ್ಯ ಬಗೆಗಳು ಎರಡು. ಹಳೆಯದು ಗಂಟೆಯ ಆಕಾರದ್ದು. ಮೊಣಕಾಲನ್ನು ದಾಟಿ ಕೆಳಗಿಳಿಯುವದು. 1832ನೆಯ ಇಸವಿಯ ಮಾರ್ಚ್ 12ರಂದು ಪ್ಯಾರಿಸಿನ ರಂಗಭೂಮಿಯಲ್ಲಿ ಮಾರೀ ತಾಲ್ಯೋನಿ ಎಂಬವಳು 'ಲಾ ಸಿಲ್ಫೀಡ್' ಎಂಬ ನೃತ್ಯದಲ್ಲಿ ಇಂಥ ಲಂಗವನ್ನು ತೊಟ್ಟು ಬಂದಳು. ಗಾಳಿಯಲ್ಲಿ ಸುಳಿದಾಡುವ ಕನ್ನಿಕೆಯ ಪಾತ್ರ ಅವಳದು. ಕಾಲ್ಬೆರಳುಗಳ ತುದಿಯ ಮೇಲೆ ಅವಳು ಸರಿದು ಹೋದಂತೆ, ಪದರುಪದರಾದ ತೆಳುಬಟ್ಟೆಯು ಒಂದು ಕ್ಷಣ ತಡೆದು ಅವಳನ್ನು ಹಿಂಬಾಲಿಸುವದು. ನೋಡುವವರಿಗೆ ಮಂಜು ನಡೆದಾಡಿದಂತೆ ತೋರುವದು. ಆ ಲಂಗದ ಮೋಹವೆಲ್ಲ ಈ ತಡೆಯುವಿಕೆಯಲ್ಲಿದೆ.

ಎರಡನೆಯದು ನಮ್ಮ ಹುಡುಗಿ ಮೆಚ್ಚಿದ ಗಿಡ್ಡ ಲಂಗ. ಮುಂದೆ ಇಟಲಿಯ ನರ್ತಕಿಯರು ಚುರುಕಾದ ಹೆಜ್ಜೆಗಳನ್ನೂ ಬಿರುಸಾದ ಗಿರಕಿಗಳನ್ನೂ ಬೆಳೆಸಿದರು. ಉದ್ದ ಲಂಗದಲ್ಲಿ ಆ ಕುಶಲತೆಯೆಲ್ಲ ಮುಚ್ಚಿಹೋಗುವದು. ಆದುದರಿಂದ 1885ರಲ್ಲಿ ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವರ್ಜೀನಿಯಾ ಝುಕ್ಕಿ ಎಂಬವಳು ತನಗೆ ಗಿಡ್ಡ ಲಂಗವೇ ಬೇಕೆಂದು ಪಟ್ಟು ಹಿಡಿದಳು. ಕಾಲಕ್ರಮದಲ್ಲಿ ಅದು ಇನ್ನೂ ಗಿಡ್ಡವಾಗಿ, ಒಳಗೆ ತಂತಿಯ ಬಳೆಯನ್ನು ಪಡೆದು, ತಟ್ಟೆಯಂತೆ ಚಪ್ಪಟೆಯಾಯಿತು. ಜಾಳಿಗೆ ಬಟ್ಟೆಯ ಹತ್ತು ಹನ್ನೆರಡು ಪದರುಗಳನ್ನು ಒಂದರ ಕೆಳಗೊಂದು ಕಿರಿದಾಗಿಸುತ್ತ, ನಿರಿಗೆ ಹಿಡಿದು ಹೊಲಿಯುವ ಕೆಲಸವು ಬಹು ಬೇಸರದ್ದು. ಇಂಥ ಲಂಗದವರು ಹಲವರು ಒತ್ತಾಗಿ ಕುಣಿದರೆ ಒಬ್ಬಳ ಬಳೆಯು ಮತ್ತೊಬ್ಬಳಿಗೆ ತಾಗಿ ಮೇಲೇಳುವದು. ಈ ತೊಡಕನ್ನು ಕಂಡು 1950ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬಾರ್ಬರಾ ಕರಿನ್ಸ್ಕಾ ಎಂಬ ಚತುರೆಯು ಬಳೆಯನ್ನೇ ತೆಗೆದುಹಾಕಿ, ತಾನಾಗಿಯೇ ಅರಳಿ ನಿಲ್ಲುವ ಮೆತ್ತನೆಯ ಲಂಗವನ್ನು ಹೊಲಿದಳು.

ಸೊಸೆಯ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ದೊರೆಯಿತು. ಲಂಗವು ಗಿಡ್ಡವಾದದ್ದು ಕಾಲಿನ ಕೆಲಸವು ಕಾಣಲೆಂದು.

ನಮ್ಮ ನಾಡಿನಲ್ಲಿಯೂ ನ್ಯಾಯ ಇದೇ. ಆನಾ ಪಾವ್ಲೋವಾಳ ಕುಣಿತಕ್ಕೆ ಮನಸೋತು ಮೊದಲು ಬ್ಯಾಲೆಯನ್ನೇ ಕಲಿತ ರುಕ್ಮಿಣೀದೇವಿಯವರು, ಬಳಿಕ ಭರತನಾಟ್ಯಕ್ಕೆ ತಿರುಗಿ 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಭರತನಾಟ್ಯದ ಉಡಿಗೆಯಲ್ಲಿ ಮುಂದುಗಡೆ ಬೀಸಣಿಗೆಯಂಥ ನಿರಿಗೆಯುಂಟಷ್ಟೆ? ಮಂಡಿ ಬಾಗಿಸಿ ಕಾಲು ಅಗಲಿಸಿದೊಡನೆ ಅದು ಬಿಚ್ಚಿಕೊಂಡು ಆ ಭಂಗಿಯನ್ನು ಎತ್ತಿ ತೋರಿಸುವದು. ಇನ್ನು ನಮ್ಮ ಶಹಾಪುರ ಸುರಪುರಗಳ ಸುತ್ತಲಿನ ತಾಂಡಾಗಳಿಗೆ ಬನ್ನಿರಿ. ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ ಎಂಬ ಘೇರಿನ ಲಂಗವು ಕನ್ನಡಿ ಬಿಲ್ಲೆ, ಕವಡೆ, ಕಸೂತಿಗಳಿಂದ ತೂಕವಾದದ್ದು. ತೀಜ್ ಹಬ್ಬದಲ್ಲಿ ಗೋದಿಯ ಸಸಿಬುಟ್ಟಿಗಳ ಸುತ್ತ ಅವರು ಕೂಡಿ ಕುಣಿಯುವಾಗ ಆ ತೂಕವೇ ಲಂಗವನ್ನು ಬೀಸಿ ತಿರುಗಿಸುವದು; ಕನ್ನಡಿಗಳು ಬೆಳಕನ್ನು ಚೆಲ್ಲುವವು. ಒಬ್ಬೊಬ್ಬಳ ಪಾದವನ್ನು ಯಾರೂ ನೋಡುವದಿಲ್ಲ. ಇಡಿಯ ಬಳಗವು ತಿರುಗುವದೇ ಅಲ್ಲಿಯ ಸೊಬಗು. ಈಗಿನ ಎಳೆಯರು ನಿತ್ಯದಲ್ಲಿ ಸೀರೆಯನ್ನೋ ಚೂಡಿದಾರವನ್ನೋ ಉಡುವರಾದರೂ ಹಬ್ಬದಲ್ಲಿ ಫೇಟಿಯಾ ಪೆಟ್ಟಿಗೆಯಿಂದ ಹೊರಬರುವದುಂಟು.

ಆದರೆ ಅಂದವೊಂದನ್ನೇ ನೋಡಿದರೆ ಸಾಲದು. ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರೀ ಎಂಬ ತರುಣಿಯಿದ್ದಳು. ಆಗ ರಂಗಭೂಮಿಗೆ ಗ್ಯಾಸಿನ ದೀಪಗಳು. ಲಂಗಗಳು ತೆಳುವಾದ ಹತ್ತಿಯ ಬಟ್ಟೆಯವು. ಬೆಂಕಿ ಹತ್ತದಂತೆ ಬಟ್ಟೆಯನ್ನು ಅದ್ದುವ ಔಷಧದ ನೀರೊಂದಿತ್ತು. ಆದರೆ ಅದರಿಂದ ಲಂಗವು ಬಿರುಸಾಗಿ ಮಾಸಲಾಗುವದೆಂದು ಅವಳು ಒಲ್ಲೆನೆಂದಳು. 1862ರ ನವೆಂಬರದಲ್ಲಿ ತಾಲೀಮಿನ ವೇಳೆಗೆ ದೀಪವು ಅವಳ ಲಂಗಕ್ಕೆ ತಗುಲಿತು. ಎಂಟು ತಿಂಗಳು ನೋವುಂಡು 1863ರ ಜುಲೈಯಲ್ಲಿ ಅವಳು ತೀರಿಕೊಂಡಳು. ವಯಸ್ಸು ಇಪ್ಪತ್ತು. ಸುಟ್ಟುಳಿದ ಅವಳ ಉಡಿಗೆಯ ಚೂರುಗಳನ್ನು ಪ್ಯಾರಿಸಿನಲ್ಲಿ ಕಾದಿರಿಸಿದ್ದಾರೆ.

ಇದನ್ನೋದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಪೇಟೆಯಲ್ಲಿ ಮಾರುವ ಜಾಳಿಗೆ ಫ್ರಾಕುಗಳು ಬಹುಶಃ ನೈಲಾನಿನವು. ಹತ್ತಿಯು ಉರಿದು ಬೂದಿಯಾದರೆ ನೈಲಾನು ಕರಗಿ ಮೈಗೆ ಅಂಟುವದು. ಇಂಥ ಉಡಿಗೆಯಲ್ಲಿ ಮಕ್ಕಳು ಹಣತೆ, ಒಲೆ, ಪಟಾಕಿಗಳ ಬಳಿ ಸುಳಿಯಬಾರದು. ಆಕಸ್ಮಾತ್ ಬೆಂಕಿ ತಗುಲಿದರೆ ಓಡಕೂಡದು. ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟಲ್ಲಿ 20 ನಿಮಿಷ ತಣ್ಣೀರು ಹರಿಯಬಿಡಬೇಕು. ಅಂಟಿದ ಬಟ್ಟೆಯನ್ನು ಕೀಳದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮನೆಯ ಮಕ್ಕಳಿಗೂ ಕಲಿಸಿಡಿರಿ.

ಕಡೆಗೆ ಮೊಮ್ಮಗಳನ್ನು ಕೂಡಿಸಿಕೊಂಡು, "ನಿನ್ನ ಕುಣಿತದಾಗ ಏನೈತಿ, ಮಾಡಿ ತೋರ್ಸವ್ವ" ಎಂದೆನು. ಅವಳು ಕುಣಿದಳು. ಕಾಲ್ಬೆರಳ ಮೇಲೆ ನಿಲ್ಲುವ ಕೆಲಸ ಅದರಲ್ಲಿಲ್ಲ, ಗಿರಕಿ ಬಹಳ, ಮೇಲಾಗಿ ಕೈಯಲ್ಲಿ ದೀಪದ ತಟ್ಟೆ! ಶಾಲೆಯ ಬಾಯಿಯವರಿಗೆ ಹೇಳಿ ಎಣ್ಣೆಯ ದೀಪಕ್ಕೆ ಬದಲಾಗಿ ಸೆಲ್ಲಿನ ದೀಪ ಇಡಿಸಿದೆವು. ದಪ್ಪ ಹತ್ತಿಯ ಬಟ್ಟೆಯಲ್ಲಿ ದೊಡ್ಡ ಘೇರಿನ ಪರಕರ ಹೊಲಿಸಿ ಅಂಚಿಗೆ ಕನ್ನಡಿ ಬಿಲ್ಲೆ ಹಚ್ಚಿಸಿದೆವು. ಹುಡುಗಿಗೆ ಮೊದಲು ಕಣ್ಣೀರು ಬಂದವು. ತೊಟ್ಟು ಒಮ್ಮೆ ಗಿರಕಿ ಹೊಡೆದ ಮೇಲೆ, ಕೆಳಗೆ ನೋಡುತ್ತ ಇನ್ನೊಮ್ಮೆ ತಿರುಗಿದಳು.