ಗುಣನಿಯಂತ್ರಣವೂ ಶಾಲೆಯ ಶಿಕ್ಷಣವೂ

ಕೈಗಾರಿಕೆಯ ಮಾತು ಬಂದಾಗ ಯಂತ್ರಗಳ ಸಂಖ್ಯೆಯನ್ನೂ ಉತ್ಪಾದನೆಯ ಪ್ರಮಾಣವನ್ನೂ ಲಾಭನಷ್ಟಗಳನ್ನೂ ವಿಚಾರಿಸುವುದು ಲೋಕರೂಢಿ. ತಯಾರಾದ ವಸ್ತುವು ಕಾರ್ಖಾನೆಯ ಹೆಬ್ಬಾಗಿಲನ್ನು ದಾಟುವ ಮುನ್ನ ಅದು ಯೋಗ್ಯವೆಂದು ಸಹಿ ಮಾಡುವವರು ಯಾರೆಂದು ಕೇಳುವವರು ವಿರಳ. ಆ ಸಹಿ ಗುಣನಿಯಂತ್ರಣ ವ್ಯವಸ್ಥಾಪಕನದು. ಮುರಿಯದೆ ಉಳಿದ ಅಚ್ಚು, ಸೋರದೆ ನಿಂತ ಕವಾಟ, ಇವೇ ಅವನ ಸಾಧನೆಗಳು. ಸಂಭವಿಸದೆ ಹೋದ ಅನಾಹುತಕ್ಕಾಗಿ ಯಾರಿಗೂ ಹಾರ ಹಾಕುವ ಪದ್ಧತಿಯಿಲ್ಲವಾದ್ದರಿಂದ ಅವನ ಹೆಸರು ಎಲ್ಲಿಯೂ ಕೇಳಿಬರುವುದಿಲ್ಲ.

ಈ ಉದ್ಯೋಗವೆಂದರೆ ಕೆಟ್ಟದ್ದನ್ನು ಆರಿಸಿ ಎಸೆಯುವುದಷ್ಟೇ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವೊಂದರಲ್ಲಿ 0.02 ಮಿಲಿಮೀಟರಿನ ಹೆಚ್ಚುಕಡಿಮೆಗೆ ಮಾತ್ರ ಅವಕಾಶವಿದೆಯೆಂದು ಭಾವಿಸೋಣ. ಎಷ್ಟೇ ಉತ್ತಮವಾದ ಲೇತಿನಲ್ಲಿಯೂ ಎರಡು ದಂಡಗಳು ತದ್ರೂಪವಾಗಿ ಹೊರಬರಲಾರವು. ಈ ವ್ಯತ್ಯಾಸಗಳಲ್ಲಿ ಕೆಲವು ಸಹಜವಾದುವು. ಮತ್ತೆ ಕೆಲವು ಸವೆದ ಉಳಿಯಿಂದಲೋ ಸಡಿಲವಾದ ಹಿಡಿಕೆಯಿಂದಲೋ ಹುಟ್ಟಿದುವು. ಇವೆರಡನ್ನೂ ಬೇರ್ಪಡಿಸಿ ನೋಡುವ ನಿಯಂತ್ರಣ ನಕ್ಷೆಯನ್ನು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದರು. ಅಳತೆಗಳು ನಕ್ಷೆಯ ಮೇರೆಯನ್ನು ಮೀರಿದ ಕೂಡಲೇ ಯಂತ್ರವನ್ನು ನಿಲ್ಲಿಸಿ ಕಾರಣವನ್ನು ಹುಡುಕಬೇಕು. ಹೀಗೆ ಗುಣನಿಯಂತ್ರಕನು ವಸ್ತುವಿಗಿಂತಲೂ ಮಿಗಿಲಾಗಿ ವಸ್ತು ಹುಟ್ಟುವ ವಿಧಾನವನ್ನೇ ಕಾಯುವವನು.

ಈ ಶಾಸ್ತ್ರ ಭಾರತಕ್ಕೆ ತಡವಾಗಿ ಬಂದುದಲ್ಲ. ಪ್ರಶಾಂತಚಂದ್ರ ಮಹಲನೋಬಿಸರು ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಭಾರತೀಯ ಮಾನಕ ಸಂಸ್ಥೆ ಆರಂಭವಾಯಿತು. 1987ರಲ್ಲಿ ಅದರ ಸ್ಥಾನಕ್ಕೆ ಭಾರತೀಯ ಮಾನಕ ಬ್ಯೂರೋ ಬಂದಿತು. ಅತ್ತ ಯುದ್ಧದಲ್ಲಿ ಜರ್ಝರಿತವಾಗಿದ್ದ ಜಪಾನಿನಲ್ಲಿ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಇದೇ ವಿದ್ಯೆಯನ್ನು ಬೋಧಿಸಿದರು. ಅವರ ಹೆಸರಿನ ಪಾರಿತೋಷಕವನ್ನು ಆ ದೇಶ 1951ರಿಂದ ನೀಡುತ್ತ ಬಂದಿದೆ. ಮುಂದೆ ಡೆಮಿಂಗರು ಆಡಳಿತಗಾರರಿಗಾಗಿ ಹೇಳಿದ 14 ಸೂತ್ರಗಳಲ್ಲಿ ಒಂದು, ಕೆಲಸದ ಸ್ಥಳದಿಂದ ಭಯವನ್ನು ಹೊರದೂಡಬೇಕೆಂಬುದು. ಗಣಿತಜ್ಞನೊಬ್ಬನು ಭಯದ ವಿಷಯವನ್ನು ಏಕೆ ಎತ್ತಿದನೆಂಬುದು ವಿಚಾರಾರ್ಹ. ಅಂಜಿದ ಕೈ ಬರೆದ ಅಂಕಿಯಿಂದ ಎಂಥ ನಕ್ಷೆಯೂ ಸತ್ಯವನ್ನು ತೋರಲಾರದು.

ಇದಕ್ಕೆ ನಿದರ್ಶನ ಅದೇ ಜಪಾನಿನಲ್ಲಿ ದೊರೆಯಿತು. ಹೆಸರಾಂತ ಕೋಬೆ ಸ್ಟೀಲ್ ಸಂಸ್ಥೆಯು ತನ್ನ ಅಲ್ಯೂಮಿನಿಯಂ ಮತ್ತು ತಾಮ್ರದ ಸರಕುಗಳ ಪರೀಕ್ಷಾಂಕಗಳನ್ನು ತಿದ್ದಿ ಗ್ರಾಹಕರಿಗೆ ಕಳುಹಿಸಲಾಗಿತ್ತೆಂದು 2017ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಅಂಥ ಗ್ರಾಹಕ ಸಂಸ್ಥೆಗಳ ಸಂಖ್ಯೆ 500ನ್ನು ಮೀರಿತ್ತು. ಅಲ್ಲಿ ಉಪಕರಣಗಳ ಕೊರತೆಯಿರಲಿಲ್ಲ, ವಿದ್ಯಾವಂತರ ಕೊರತೆಯೂ ಇರಲಿಲ್ಲ. ಆಡಳಿತವು ಲಾಭಕ್ಕೆ ಅತಿಯಾದ ಪ್ರಾಧಾನ್ಯ ಕೊಟ್ಟುದೇ ಒಂದು ಮುಖ್ಯ ಕಾರಣವೆಂದು ಸಂಸ್ಥೆಯ ವರದಿಯೇ 2018ರಲ್ಲಿ ತಿಳಿಸಿತು.

ಪ್ರತಿಯೊಂದಕ್ಕೂ ಅಡ್ಡಿ ಹೇಳುವ ಗುಣನಿಯಂತ್ರಕನು ಉದ್ಯಮಕ್ಕೆ ಹೊರೆಯೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಯಂತ್ರ ನಿಂತರೆ ಕೂಲಿಯೂ ನಿಲ್ಲುತ್ತದೆ, ವಾಯಿದೆಯೂ ತಪ್ಪುತ್ತದೆ. ಆದುದರಿಂದಲೇ ಅವನ ನಿರಾಕರಣೆ ಅಳತೆಯನ್ನು ಆಧರಿಸಿರಬೇಕೇ ಹೊರತು ಅಧಿಕಾರದ ಗತ್ತನ್ನಲ್ಲ. ಆದರೆ ತಿಂಗಳ ಉತ್ಪಾದನೆಯ ಲೆಕ್ಕವನ್ನು ಒಪ್ಪಿಸಬೇಕಾದ ಅಧಿಕಾರಿಯ ಕೈಕೆಳಗೇ ಅವನನ್ನು ಇರಿಸಿದರೆ ಆ ಅಳತೆಗೆ ಬೆಲೆಯೆಲ್ಲಿಯದು? ಹುಬ್ಬಳ್ಳಿಯ ಕವಾಟದ ಕಾರ್ಖಾನೆಯಾಗಲಿ, ಬೆಳಗಾವಿಯ ಎರಕದ ಮನೆಯಾಗಲಿ, ಗುಣನಿಯಂತ್ರಕನು ನೇರವಾಗಿ ಮಾಲೀಕನಿಗೇ ವರದಿ ಒಪ್ಪಿಸುವಂತಿರಬೇಕು. ಸರಕನ್ನು ತಡೆದುದಕ್ಕಾಗಿ ಅವನ ಬಡತಿ ನಿಲ್ಲದೆಂಬ ಭರವಸೆಯೂ ಬೇಕು. ಉದ್ಯಮಿಗಳಾಗಿರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ತಮ್ಮ ಕಾರ್ಖಾನೆಗಳಲ್ಲಿ ಇದನ್ನು ನಾಳೆಯೇ ಆಚರಣೆಗೆ ತರಬಹುದು.

ಆದರೆ ಸುಳ್ಳು ಅಂಕಿಯ ಅಭ್ಯಾಸವು ಕಾರ್ಖಾನೆಯಲ್ಲಿ ಮೊದಲಾಗುವುದಿಲ್ಲ; ಅದರ ಬೀಜ ಬೀಳುವುದು ಶಾಲೆಯ ಪ್ರಯೋಗಾಲಯದಲ್ಲಿ. ಲೋಲಕದ ಪ್ರಯೋಗದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಬಾಲಕನಿಗೆ ಉತ್ತರ 980ರ ಆಸುಪಾಸಿನಲ್ಲಿರಬೇಕೆಂದು ಮೊದಲೇ ಗೊತ್ತು. ಅವನ ಎಣಿಕೆಯಿಂದ 940 ಬಂದಿತೆನ್ನೋಣ. ಪಕ್ಕದವನು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂದವಾದ ಅಂಕಿಗಳನ್ನು ಬರೆದು ಪೂರ್ಣಾಂಕ ಪಡೆಯುತ್ತಾನೆ. ತಾನು ಕಂಡುದನ್ನೇ ಬರೆದವನಿಗೆ ಕೆಂಪು ಗೆರೆ ಬೀಳುತ್ತದೆ. ಇಪ್ಪತ್ತು ವರ್ಷಗಳ ತರುವಾಯ ಪರೀಕ್ಷಾಪತ್ರವನ್ನು ತಿದ್ದುವ ಕೈ ಆ ದಿನವೇ ತರಬೇತಿ ಪಡೆದಿರುತ್ತದೆ. 940 ಬರೆದವನನ್ನು ಕರೆದು, ದಾರದ ಉದ್ದವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದೆ, ಆಂದೋಲನಗಳನ್ನು ಹೇಗೆ ಎಣಿಸಿದೆ ಎಂದು ವಿಚಾರಿಸುವ ಉಪಾಧ್ಯಾಯರು ನಿಜವಾದ ಗುಣನಿಯಂತ್ರಣವನ್ನು ಕಲಿಸುತ್ತಾರೆ. ಅವರು ಹುಡುಕುವುದು ತಪ್ಪಿನ ಕಾರಣವನ್ನು, ತಪ್ಪಿತಸ್ಥನನ್ನಲ್ಲ.

ಪ್ರಯೋಗಾಲಯಕ್ಕೆ ಹೊಸ ಉಪಕರಣಗಳನ್ನು ಕೊಡಿಸುವ ದಾನ ಶ್ಲಾಘನೀಯವಾದುದು. ಆ ಉಪಕರಣ ತೋರಿದ ಅಂಕಿಯನ್ನು ಅಂಜದೆ ಬರೆಯುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸಿದರೆ ಮಾತ್ರ ಆ ದಾನ ಸಾರ್ಥಕವಾದೀತು. ಮುಂದೆ ಕಾರ್ಖಾನೆಯ ಹೆಬ್ಬಾಗಿಲಿನಲ್ಲಿ ಸಹಿಗಾಗಿ ಕಾಗದವೊಂದು ಎದುರಿಗೆ ಬಂದಾಗ ಅವರ ಕೈಹಿಡಿಯುವುದು ಆ ಧೈರ್ಯವೇ.