ಮನೆಮಾತು ತೆಲುಗು, ಓದು ಕನ್ನಡ

ಚಿಂತಾಮಣಿ, ಗೌರಿಬಿದನೂರು ಕಡೆಯ ನಮ್ಮ ಕುಟುಂಬಗಳಲ್ಲಿ ಪದವಿ ತರಗತಿಗೆ ಸೇರಿ ಭಾಷಾಸಾಹಿತ್ಯವನ್ನು ಆರಿಸಿಕೊಳ್ಳುವ ಮಕ್ಕಳಿಗೆ ಎರಡು ಮಾತುಗಳು ತಪ್ಪುವುದಿಲ್ಲ. ‘ಇದನ್ನೋದಿ ಏನು ಮಾಡುತ್ತೀಯೆ?’ ಎಂಬುದೊಂದು. ‘ಮನೆಯಲ್ಲಿ ತೆಲುಗಾಡುವ ನಿನಗೆ ಕನ್ನಡ ಸಾಹಿತ್ಯ ಹೇಗೆ ಹತ್ತೀತು?’ ಎಂಬುದಿನ್ನೊಂದು. ಮೊದಲನೆಯದು ಹೆತ್ತವರ ಕಳವಳ. ಅದನ್ನು ಹಗುರವಾಗಿ ಕಾಣಲಾರೆವು. ಎರಡನೆಯದನ್ನು ಮಾತ್ರ ನಾವು ಒಪ್ಪುವುದಿಲ್ಲ.

ನಮ್ಮ ಸೀಮೆಯಲ್ಲಿ ಭಾಷೆಗಳು ಒಂದೇ ಜಗಲಿಯ ಮೇಲೆ ಕುಳಿತು ಬೆಳೆದಿವೆ. ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಹಳೆಯ ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ; 1983ರ ಜ್ಞಾನಪೀಠ ದೊರೆತದ್ದು ಕನ್ನಡ ಕೃತಿಗಾಗಿ.

ಮನೆಮಾತು ಅಡ್ಡಿಯಲ್ಲವೆಂದಷ್ಟೇ ಅಲ್ಲ, ಅದು ಆಸ್ತಿಯೆಂದೇ ಹೇಳಬೇಕು. ಹಳಗನ್ನಡ ಕಾವ್ಯವನ್ನು ತೆರೆದ ವಿದ್ಯಾರ್ಥಿಗೆ ‘ಪಾಲ್’, ‘ಪುಲಿ’, ‘ಪಂದಿ’ ಎಂಬ ಪದಗಳು ಎದುರಾಗುತ್ತವೆ. ಹಾಲು, ಹುಲಿ, ಹಂದಿ ಎಂದು ಪಟ್ಟಿಮಾಡಿ ಉರುಹೊಡೆಯುವವರು ಹಲವರು. ಆದರೆ ಶಿಡ್ಲಘಟ್ಟದ ತೆಲುಗು ಮನೆಯ ಹುಡುಗಿ ಬೆಳಗಾದರೆ ‘ಪಾಲು’ ಕಾಯಿಸುವ ತಾಯಿಯನ್ನು ಕಂಡವಳು. ಕನ್ನಡವು ‘ಪ’ಕಾರವನ್ನು ‘ಹ’ಕಾರವಾಗಿಸಿಕೊಂಡಿತು; ತೆಲುಗು ಉಳಿಸಿಕೊಂಡಿತು. ಪಂಪನ ನುಡಿಗೆ ಆಕೆ ಇತರರಿಗಿಂತ ಒಂದು ಹೆಜ್ಜೆ ಹತ್ತಿರವೇ ಇದ್ದಾಳೆ. ಇದನ್ನು ಆಕೆಗೆ ಹೇಳಿದವರೆಷ್ಟು ಮಂದಿ? ತಮಿಳಾಡುವ ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಕೊರತೆಯಿರುವುದು ಭಾಷೆಯಲ್ಲಲ್ಲ, ಕಲಿಯುವ ರೂಢಿಯಲ್ಲಿ. ಪೂರ್ತಿ ಕಾದಂಬರಿಯೊಂದನ್ನು ಓದದೆಯೇ ಅದರ ಪಾತ್ರಚಿತ್ರಣ ಬರೆದು ತೇರ್ಗಡೆಯಾಗುವುದು ಸಾಧ್ಯವಾಗಿದೆ. ಹಿಂದೆ ಗೈಡುಗಳಿದ್ದವು, ಈಗ ಮೊಬೈಲಿಗೆ ನೋಟ್ಸಿನ ಚಿತ್ರಗಳೇ ಬಂದು ಬೀಳುತ್ತವೆ, ಕೇಳಿದೊಡನೆ ಪ್ರಬಂಧ ಬರೆದುಕೊಡುವ ಯಂತ್ರವೂ ಕೈಯಲ್ಲಿದೆ. ಪಠ್ಯಕ್ರಮವೂ ನಿಂತಲ್ಲಿ ನಿಂತಿಲ್ಲ: 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷವೆಂದಾಯಿತು. ಈ ಅಲ್ಲೋಲಕಲ್ಲೋಲದಲ್ಲಿ ಮಕ್ಕಳು ಸುಲಭದ ದಾರಿ ಹಿಡಿದರೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಹೂವಿನ ತೋಟದಲ್ಲೋ ರೇಷ್ಮೆಯ ಮನೆಯಲ್ಲೋ ಕೈಜೋಡಿಸುವವರು ಅವರು.

ಆದರೂ ಬಿಡಿಸಿ ಓದುವುದು, ಅರ್ಥವಾಗದ ಪದವನ್ನು ಗುರುತಿಟ್ಟು ನಿಘಂಟು ನೋಡುವುದು, ಓದಿದ್ದನ್ನು ತನ್ನದೇ ಮಾತಿನಲ್ಲಿ ಅರ್ಧ ಪುಟ ಬರೆಯುವುದು, ಇಷ್ಟಿಲ್ಲದೆ ಭಾಷೆಯ ಪದವಿಗೆ ಬೆಲೆಯಿಲ್ಲ. ಅನುವಾದ, ಪತ್ರಿಕೆ, ಅಧ್ಯಾಪನ, ಕಚೇರಿಯ ಪತ್ರವ್ಯವಹಾರ ಎಲ್ಲವೂ ಬೇಡುವುದು ಇದನ್ನೇ. ‘ಓದಿ ಏನು ಮಾಡುತ್ತೀಯೆ’ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ.

ಬಾಸೆಲ್ ಮಿಷನ್ನಿನ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟು ಕನ್ನಡ ಪದಗಳಿಗೆ ತೆಲುಗು, ತಮಿಳಿನ ಸಮಾನ ರೂಪಗಳನ್ನೂ ಸೂಚಿಸುತ್ತದೆ. ನಮ್ಮ ಸೀಮೆಯ ಮಕ್ಕಳಿಗೆಂದೇ ಬರೆದಂತಿದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳೂ ಇವೆ. ಇವುಗಳಲ್ಲೊಂದನ್ನಾದರೂ ಧರ್ಮಕೇಂದ್ರದ ಸಭಾಂಗಣದಲ್ಲಿ ಬೀಗವಿಲ್ಲದ ಕಪಾಟಿನಲ್ಲಿ ಇಡಲಾಗದೆ? ಭಾನುವಾರ ಬಲಿಪೂಜೆಯಲ್ಲಿ ವಾಚನ ಮಾಡುವ ಯುವಕರು ಹಿಂದಿನ ದಿನ ಅಲ್ಲಿ ಕೂಡಿ, ಗಟ್ಟಿಯಾಗಿ ಓದಿ, ತೊಡಕಿದ ಪದಗಳನ್ನು ಅದರಲ್ಲಿಯೇ ಹುಡುಕಿಕೊಳ್ಳಬಹುದು. ಹೆತ್ತವರಿಂದ ನಾವು ಕೇಳುವುದಿಷ್ಟೇ: ಮುಂದಿನ ಬಾರಿ ಮಗಳು ಗೈಡಿಗೆಂದು ಹಣ ಕೇಳಿದಾಗ, ಮೂಲ ಪುಸ್ತಕವನ್ನು ಕೊಂಡಿದ್ದಾಳೆಯೇ ಎಂದು ವಿಚಾರಿಸಿ.